ಹಗ್ಗದ ಮಾಮ ಹೋದರು. ರಾಮನಗರದ ಬಂಡೆ ಹತ್ತಿದವರೆಲ್ಲ ಇಲ್ಲಿ ಬರೆಯಿರಿ

ನೀಲಿ_ಹಗ್ಗ · ಬುಧವಾರ, ರಾತ್ರಿ 9:40

ಬಹಳ ಜನಕ್ಕೆ ಆಗಲೇ ಗೊತ್ತಾಗಿರಬಹುದು. ಗೊತ್ತಿಲ್ಲದವರಿಗೆ ಹೇಳುತ್ತಿದ್ದೇನೆ. ನಮ್ಮ ಹಗ್ಗದ ಮಾಮ ನಿನ್ನೆ ಬೆಳಗಿನ ಜಾವ ತೀರಿಕೊಂಡರು. ಮನೆಯಲ್ಲೇ, ನಿದ್ದೆಯಲ್ಲೇ. 74 ವಯಸ್ಸು. ಭಾನುವಾರ ನಮ್ಮ ಜೊತೆ ಬಂಡೆ ಬುಡದಲ್ಲಿ ಕೂತು ಇಡ್ಲಿ ತಿಂದಿದ್ದರು. ಚಟ್ನಿ ನೀರಾಗಿದೆ ಅಂತ ಬೈದಿದ್ದರು.

ಹೆಸರು, ಫೋಟೋ ಎಲ್ಲೂ ಹಾಕಬೇಡಿ ಅಂತ ಮಾಮನ ಹೆಂಡತಿ, ನಮ್ಮ ಆಂಟಿ, ಕೇಳಿಕೊಂಡಿದ್ದಾರೆ. ಇಲ್ಲೂ ಬೇಡ. ನಮ್ಮಲ್ಲಿ ಅರ್ಧ ಜನಕ್ಕೆ ಅವರ ಹೆಸರೇ ಗೊತ್ತಿರಲಿಲ್ಲ ಬಿಡಿ. ಅವರಿಗೂ ನಮ್ಮ ಹೆಸರು ನೆನಪಿರುತ್ತಿರಲಿಲ್ಲ. ಹಗ್ಗದ ಬಣ್ಣ ನೋಡಿ ಕರೆಯೋರು. ಹನ್ನೊಂದು ವರ್ಷದಿಂದ ನಾನು 'ನೀಲಿ ಹಗ್ಗದ ಹುಡುಗಿ'. ಆ ನೀಲಿ ಹಗ್ಗ ಹೋಗಿ ಕಿತ್ತಳೆ ಬಂತು. ಮದುವೆ ಆಯ್ತು, ಮಗು ಆಯ್ತು. ಅವರಿಗೆ ಮಾತ್ರ ನಾನು ನೀಲಿ ಹಗ್ಗದ ಹುಡುಗಿಯೇ.

ಮೊದಲ ದಿನ ನನ್ನನ್ನು ಕೇಳಿದ್ದು ಹೆಸರಲ್ಲ, ಊರಲ್ಲ. "ಎಷ್ಟು ವರ್ಷ ಆಯ್ತು?" ನಾನು ನನ್ನ ವಯಸ್ಸು ಕೇಳುತ್ತಿದ್ದಾರೆ ಅಂದುಕೊಂಡು 24 ಅಂದೆ. "ನಿನಗಲ್ಲಮ್ಮ, ಹಗ್ಗಕ್ಕೆ" ಅಂದರು. ಗೊತ್ತಿಲ್ಲ, ಫ್ರೆಂಡ್ ಕೊಟ್ಟಿದ್ದು ಅಂದೆ. ಅವತ್ತು ನನ್ನ ಹಗ್ಗ ಬಂಡೆ ಮುಟ್ಟಲಿಲ್ಲ. ಮಾಮನ ಹಗ್ಗದಲ್ಲಿ ಹತ್ತಿದೆ. ನನ್ನದನ್ನು ಅವರು ಮರದ ನೆರಳಿನಲ್ಲಿ ಕೂತು, ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳಿನ ಮಧ್ಯೆ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಎಳೆಯುತ್ತಾ ಹೋದರು. 60 ಮೀಟರ್. ಎರಡು ಕಡೆ ನಿಂತರು. "ಇಲ್ಲಿ ಮೆತ್ತಗಿದೆ, ಮುಟ್ಟು" ಅಂದರು. ನನಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ಆ ಜಾಗ ಮಡಚಿ ತೋರಿಸಿದರು. ಬೇರೆ ಕಡೆ ಮಡಚಿದರೆ ಹಗ್ಗ ದುಂಡಗೆ ನಿಲ್ಲುತ್ತಿತ್ತು, ಅಲ್ಲಿ ಮಾತ್ರ ಕಾಗದದ ಥರ ಚಪ್ಪಟೆಯಾಗಿ ಮಡಚಿಕೊಂಡಿತು. ಹೊರಗಿನ ಕವಚ ಹೊಸದರ ಹಾಗೆ ಹೊಳೆಯುತ್ತಿತ್ತು. ಒಳಗಿನ ತಿರುಳು ಹೋಗಿತ್ತು.

ಒಂದು ಪೈಸೆ ತೆಗೆದುಕೊಳ್ಳದೆ ಇಪ್ಪತ್ತಕ್ಕೂ ಜಾಸ್ತಿ ವರ್ಷ ಎಲ್ಲರ ಹಗ್ಗ ನೋಡೋ ಈ ಕೆಲಸ ಮಾಡಿದರು. ಯಾವ ಕ್ಲಬ್ಬಿಗೂ ಸೇರಿದವರಲ್ಲ. ನಿಮ್ಮ ನೆನಪಲ್ಲಿ ಇರೋದನ್ನ ಬರೆಯಿರಿ. ಆಂಟಿಗೆ ಓದಿ ಹೇಳುತ್ತೇನೆ.

ಮಂಡಿನೋವು · ಬುಧವಾರ, ರಾತ್ರಿ 10:05

ಅಯ್ಯೋ. ಭಾನುವಾರ ನಾನು ಬಂದಿರಲಿಲ್ಲ. ಮದುವೆ ಮನೆ ಇತ್ತು. ಏನು ಮದುವೆಯೋ.

ಗೂಡಿನ_ಊರು · ಬುಧವಾರ, ರಾತ್ರಿ 10:31

ನಾನು ರಾಮನಗರದವನೇ. ಬೆಂಗಳೂರಿನವರಿಗೆ ಅವರು ಭಾನುವಾರದ ಮಾಮ. ನಮಗೆ ವಾರದ ಮಧ್ಯೆಯೂ ಸಿಗೋರು. ಬುಧವಾರ ಪ್ಯಾಸೆಂಜರ್ ರೈಲಿನಲ್ಲಿ ಬಂದು ಒಬ್ಬರೇ, ಹಗ್ಗ ಸಿಕ್ಕಿಸೋಕೆ ಬಂಡೆಗೆ ಹೊಡೆದಿರೋ ಬೋಲ್ಟ್ ನೋಡಿಕೊಂಡು ಹೋಗೋರು. ಕೈಯಲ್ಲಿ ಒಂದು ಸ್ಪ್ಯಾನರ್, ಒಂದು ತಂತಿ ಬ್ರಷ್, ಹೆಗಲಲ್ಲಿ ಕಂಬಳಿ. ಕಂಬಳಿ ಯಾಕೆ ಅಂತ ಆಮೇಲೆ ಯಾರಾದರೂ ಹೇಳ್ತಾರೆ.

ಅವರು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ಹಾಗಾಗಿ ಕಬ್ಬಿಣದ ವಿಷಯದಲ್ಲಿ ಅವರ ಹತ್ತಿರ ಯಾರೂ ವಾದ ಮಾಡುತ್ತಿರಲಿಲ್ಲ. ಹಳೆ ಕಾಲದಲ್ಲಿ ಇಲ್ಲಿ ಎಷ್ಟೋ ಕಡೆ ಮಾಮೂಲಿ ಜಿಂಕ್ ಲೇಪದ ಬೋಲ್ಟ್ ಹೊಡೆದು, ಅದರ ಮೇಲೆ ಸ್ಟೇನ್‌ಲೆಸ್ ಹ್ಯಾಂಗರ್, ಅಂದರೆ ಕೊಂಡಿ ಸಿಕ್ಕಿಸೋ ತೂತಿನ ತಗಡು, ಹಾಕಿದ್ದರು. ನೋಡೋಕೆ ಫಳಫಳ. ಎರಡು ಬೇರೆ ಲೋಹ ಅಂಟಿಕೊಂಡು ನೀರು ಬಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತೆ ಅನ್ನೋದನ್ನು ನನಗೆ ಹೈಸ್ಕೂಲಿನ ಮೇಷ್ಟ್ರು ಹೇಳಿಕೊಟ್ಟಿದ್ದು ಅರ್ಥ ಆಗಿರಲಿಲ್ಲ. ಮಾಮ ಒಂದು ಹಳೆ ಬೋಲ್ಟ್ ಬಿಚ್ಚಿ ಅಂಗೈಮೇಲೆ ಇಟ್ಟಾಗ ಅರ್ಥ ಆಯ್ತು. ಹೊರಗೆ ಕಾಣೋ ತಲೆ ಚೆನ್ನಾಗಿತ್ತು. ಬಂಡೆಯೊಳಗೆ ಇದ್ದ ಕುತ್ತಿಗೆ ಪೆನ್ಸಿಲ್ ಕಡ್ಡಿಯಷ್ಟು ಸಣ್ಣಗಾಗಿತ್ತು.

ಇನ್ನೊಂದು ವಿಷಯ ಹೇಳಬೇಕು. ನಮ್ಮದು ರೇಷ್ಮೆ ನೂಲು ತೆಗೆಯೋ ಮನೆ. ಒಂದು ಸಲ ಮಾಮ ಟೀ ಕುಡಿಯೋಕೆ ಬಂದಾಗ ಬ್ಯಾಗಿನಲ್ಲಿ ಕತ್ತರಿಸಿದ ಹಗ್ಗದ ತುಂಡು ಇತ್ತು. ಅಮ್ಮ ಅದನ್ನ ತಗೊಂಡು ತುದಿ ಬಿಚ್ಚಿದರು. ಹೊರಗೆ ಬಣ್ಣದ ಹೆಣಿಗೆ, ಒಳಗೆ ಬೆಳ್ಳಗಿರೋ ಹುರಿಗಳು. ಅಮ್ಮ ಒಂದು ಹುರಿ ಎಳೆದು ಬೆರಳಲ್ಲಿ ತಿರುಗಿಸಿ "ಅರ್ಧ ಈ ಕಡೆ ಹುರಿ ಹಾಕಿದಾರೆ, ಅರ್ಧ ಆ ಕಡೆ ಹಾಕಿದಾರೆ. ಇಲ್ಲದಿದ್ರೆ ತೂಗಿ ಬಿಟ್ಟಾಗ ಬುಗುರಿ ಥರ ತಿರುಗುತ್ತೆ" ಅಂದರು. ಮಾಮ ಟೀ ಲೋಟ ಕೆಳಗಿಟ್ಟರು. ಅಷ್ಟು ವರ್ಷ ಹಗ್ಗ ನೋಡಿದವರು, ಇದನ್ನ ಗಮನಿಸಿರಲಿಲ್ಲವಂತೆ. ಅಮ್ಮ "ಒಂದು ಹುರಿಗೆ ಎಷ್ಟು ಎಳೆ?" ಅಂತ ಕೇಳಿದರು. ಗೊತ್ತಿಲ್ಲ ಅಂದರು. ಆಮೇಲೆ ಇಬ್ಬರೂ ಚಾಪೆ ಮೇಲೆ ಕೂತು ಎಣಿಸೋಕೆ ಶುರು ಮಾಡಿದರು. ಅವತ್ತು ಅವರ ರೈಲು ತಪ್ಪಿತು.

ಒಳ್ಳೆ ದ್ವಿತಳಿ ರೇಷ್ಮೆ ಗೂಡಿನಿಂದ ಸಾವಿರ ಮೀಟರ್ ಹತ್ತಿರ ಎಳೆ ಬರುತ್ತೆ ಅಂತ ಅಮ್ಮ ಹೇಳಿದ್ದನ್ನ ಮಾಮ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಅದೂ ತಾವೇ ಕಂಡುಹಿಡಿದವರ ಥರ.

ಚಾಕ್‌ಪುಡಿ · ಬುಧವಾರ, ರಾತ್ರಿ 11:12

ಕಂಬಳಿ ವಿಷಯ ನಾನು ಹೇಳ್ತೀನಿ. ಅವತ್ತು ಹಗ್ಗದ ಮೇಲಿದ್ದವಳು ನಾನೇ.

ನಾವೆಲ್ಲ ಆ ಕಂಬಳಿ ನೋಡಿ ನಗುತ್ತಿದ್ದೆವು. "ಮಾಮ, ಚಳಿನಾ?" ಏಪ್ರಿಲ್ ಬಿಸಿಲಲ್ಲೂ ತರೋರು. ಹಳೆ ಕುರಿ ಕಂಬಳಿ, ದಪ್ಪಗೆ, ವಾಸನೆ ಬೇರೆ.

ಬಂಡೆಗೆ ಬಂದ ತಕ್ಷಣ ಅವರು ಮಾಡುತ್ತಿದ್ದ ಮೊದಲ ಕೆಲಸ, ಹಿಂದೆ ಹೋಗಿ ನಿಂತು ಮೇಲಿನ ಚಾಚುಗಳನ್ನ ಒಂದೊಂದಾಗಿ ನೋಡೋದು. ಹೆಜ್ಜೇನು. ಅದು ಬಂಡೆ ಚಾಚಿನ ಕೆಳಗೆ ತೆರೆದ ಹುಟ್ಟು ಕಟ್ಟುತ್ತೆ, ಮೊರದಷ್ಟು ಅಗಲ. ಕಾಲಕ್ಕೆ ತಕ್ಕಂತೆ ಬಿಟ್ಟು ಹೋಗುತ್ತೆ, ಮತ್ತೆ ಬರುತ್ತೆ. ಹೋದ ವಾರ ಇರಲಿಲ್ಲ ಅಂದರೆ ಈ ವಾರ ಇಲ್ಲ ಅಂತಲ್ಲ. ಹುಟ್ಟು ಕಂಡರೆ ಮಾಮ ಬೇರೆ ಬಂಡೆಗೆ ಕರೆದುಕೊಂಡು ಹೋಗೋರು, ಮಾತೇ ಇಲ್ಲ. ಸೆಂಟ್ ಹಾಕಿಕೊಂಡು ಬಂದವರನ್ನ ವಾಪಸ್ ಕಳಿಸಿದ್ದೂ ಇದೆ.

ಅವತ್ತು ನಮ್ಮ ಬಂಡೆಯಲ್ಲಿ ಹುಟ್ಟು ಇರಲಿಲ್ಲ. ಪಕ್ಕದ ಗುಡ್ಡದಲ್ಲಿ ಯಾರೋ ಒಲೆ ಹಚ್ಚಿದರು. ಅಡುಗೆ ಮಾಡೋಕೆ ಬಂದ ಬೇರೆ ಗುಂಪು. ಹೊಗೆ ಎದ್ದ ಐದು ನಿಮಿಷಕ್ಕೆ ಗುಂಯ್ ಅಂತ ಶುರುವಾಯ್ತು. ನಾನು ಇಪ್ಪತ್ತು ಮೀಟರ್ ಮೇಲಿದ್ದೆ. ಬಿಲೇ ಮಾಡುತ್ತಿದ್ದವನು, ಅಂದರೆ ಕೆಳಗೆ ನಿಂತು ನನ್ನ ಹಗ್ಗ ಹಿಡಿದಿದ್ದವನು, ಕಾಲೇಜು ಹುಡುಗ, ಎರಡನೇ ಸಲ ಬಂದಿದ್ದ. ಮೊದಲ ಹುಳ ಕಚ್ಚಿದ ತಕ್ಷಣ ಅವನ ಕೈ ಅಲ್ಲಾಡಿದ್ದು ಹಗ್ಗದಲ್ಲಿ ನನಗೆ ಗೊತ್ತಾಯ್ತು. ಹಗ್ಗ ಬಿಟ್ಟು ಓಡಿದರೆ ನಾನು ಕೆಳಗೆ. ಓಡದೆ ನಿಂತರೆ ಅವನ ಗತಿ?

ಮಾಮ ಓಡಲಿಲ್ಲ. ಕಂಬಳಿ ಬಿಚ್ಚಿ ಅವನ ತಲೆ ಮೇಲಿಂದ ಹಾಕಿ, ತಾವೂ ಒಳಗೆ ಹೊಕ್ಕು, ಅವನ ಕೈ ಮೇಲೆ ತಮ್ಮ ಕೈ ಇಟ್ಟರು. ಮೇಲಿಂದ ನೋಡಿದರೆ ಎರಡು ಜೊತೆ ಕಾಲಿನ ಒಂದು ಕಪ್ಪು ಗೂಡು. ಒಳಗಿಂದ ಅವರ ದನಿ ಕೇಳುತ್ತಿತ್ತು. "ನಿಧಾನಕ್ಕೆ ಬಿಡು. ಬಿಡು. ಬಿಡು." ನನ್ನನ್ನು ಒಂದೇ ಸಮ ಕೆಳಗಿಳಿಸಿದರು. ಒಂದು ಸಲವೂ ಹಗ್ಗ ಜಗ್ಗಲಿಲ್ಲ. ಕೆಳಗೆ ಬಂದ ಮೇಲೆ ಗಂಟು ಬಿಚ್ಚೋಕೆ ಹೋದೆ. "ಬಿಚ್ಚಬೇಡ, ಎಳ್ಕೊಂಡೇ ಓಡು" ಅಂದರು. ಮೂವರೂ ಮುಖ ಮುಚ್ಚಿಕೊಂಡು ಓಡಿದೆವು. ಹಿಂದೆ 60 ಮೀಟರ್ ಹಗ್ಗ ಹಾವಿನ ಥರ.

ನನಗೆ ಒಂಬತ್ತು ಕಡೆ ಕಚ್ಚಿತ್ತು, ಅವನಿಗೆ ನಾಲ್ಕು. ಮಾಮನ ಕೈ ಮಾತ್ರ ಕಂಬಳಿ ಹೊರಗೆ ಇತ್ತಲ್ಲ, ಹಗ್ಗ ಜಾರದ ಹಾಗೆ ಬ್ರೇಕ್ ಹಿಡಿದ ಕೈ. ಅದು ಬೋಂಡಾ ಥರ ಊದಿತ್ತು. ಆಸ್ಪತ್ರೆಗೆ ಹೋಗೋ ದಾರಿಯಲ್ಲಿ ಆಟೋದಲ್ಲಿ ಅವರು ಹೇಳಿದ ಒಂದೇ ಮಾತು: "ಹಗ್ಗ ಕಲ್ಲಿನ ಮೇಲೆ ಎಳೆದುಬಿಟ್ವಿ. ತೊಳೀಬೇಕು."

ದೂರದ_ಬಂಡೆ · ಗುರುವಾರ, ಬೆಳಗಿನ ಜಾವ 2:20

ಮ್ಯೂನಿಕ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಕ್ಲೈಂಬಿಂಗ್ ಹಾಲ್‌ಗಳಲ್ಲಿ ಹತ್ತೋ ಮುಂಚೆ ಇಬ್ಬರೂ ಒಬ್ಬರ ಗಂಟು, ಹಾರ್ನೆಸ್ (ಸೊಂಟಕ್ಕೆ ಕಟ್ಟೋ ಪಟ್ಟಿ) ಇನ್ನೊಬ್ಬರು ನೋಡಬೇಕು ಅಂತ ಬೋರ್ಡ್ ಹಾಕಿರುತ್ತಾರೆ. ಎಲ್ಲರೂ ಕಣ್ಣಲ್ಲಿ ನೋಡುತ್ತಾರೆ. ನಾನು ಕೈ ಹಾಕಿ ನೋಡುತ್ತೇನೆ. ಸೊಂಟಕ್ಕೆ ಹಗ್ಗ ಕಟ್ಟೋ ಎಂಟರ ಗಂಟಿನ ಒಂದೊಂದು ಜೊತೆ ಎಳೆಯನ್ನೂ ಮುಟ್ಟಿ ಎಣಿಸುತ್ತೇನೆ. ಇಲ್ಲಿನವರಿಗೆ ಸ್ವಲ್ಪ ಮುಜುಗರ. ಯಾರು ಕಲಿಸಿದ್ದು ಅಂತ ಕೇಳಿದರೆ ಏನು ಹೇಳಲಿ? "ರಾಮನಗರದಲ್ಲಿ ಒಬ್ಬರು ಮಾಮ ಇದ್ದಾರೆ" ಅನ್ನುತ್ತಿದ್ದೆ. ಇನ್ನು ಮೇಲೆ ಇದ್ದರು ಅನ್ನಬೇಕು.

ಹಗ್ಗದ ಲೇಬಲ್ ಓದೋದು ಕಲಿಸಿದ್ದೂ ಅವರೇ. ಲೇಬಲ್ ಮೇಲೆ 'ಫಾಲ್ಸ್ 7' ಅಂತ ಇದ್ದರೆ, ಏಳು ಸಲ ಬಿದ್ದ ಮೇಲೆ ಎಸೆಯಬೇಕು ಅಂತ ನಾನು ಅಂದುಕೊಂಡಿದ್ದೆ. ಮಾಮ ನಕ್ಕರು. ಅದು ಲ್ಯಾಬ್ ಲೆಕ್ಕ. 80 ಕೆಜಿ ಭಾರವನ್ನ ಭಾರಿ ಕೆಟ್ಟ ರೀತಿಯಲ್ಲಿ ಬೀಳಿಸುತ್ತಾರೆ, ಕನಿಷ್ಠ 5 ಸಲ ತಡೆದರೆ ಮಾತ್ರ ಒಂದೇ ಎಳೆಯಲ್ಲಿ ಹತ್ತೋ ಒಂಟಿ ಹಗ್ಗಕ್ಕೆ ಪಾಸ್. ನಾವು ಬೀಳೋದು ಅಷ್ಟು ಕೆಟ್ಟದಾಗಿರಲ್ಲ. ಎಷ್ಟು ದೂರ ಬಿದ್ದೆ ಅನ್ನೋದಕ್ಕಿಂತ, ಬಿದ್ದ ದೂರಕ್ಕೆ ಎಷ್ಟು ಉದ್ದ ಹಗ್ಗ ಹೊರಗಿತ್ತು ಅನ್ನೋದು ಮುಖ್ಯ ಅಂತ ಮಣ್ಣಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದರು. ಇಂಜಿನಿಯರಿಂಗ್ ಓದಿದ ನನಗೆ ಆ ಭಾಗಾಕಾರ ಅವತ್ತೇ ಹೊಟ್ಟೆಗೆ ಇಳಿದದ್ದು.

ಹೊಸಬ_22 · ಗುರುವಾರ, ಬೆಳಿಗ್ಗೆ 8:15

ಸತ್ತವರ ಬಗ್ಗೆ ಹೀಗೆ ಬರೆಯಬಾರದೇನೋ. ಆದರೂ ಬರೆಯುತ್ತೇನೆ, ಬೈಯಬೇಡಿ.

ನಾನು 2022ರಲ್ಲಿ ಮೂರು ಸಲ ಬಂದು ಬಿಟ್ಟೆ. ಕಾರಣ ಅವರೇ. ಮೊದಲ ದಿನ ಪೂರ್ತಿ ನನಗೆ ಗಂಟು ಹಾಕಿಸಿದರು, ಬಿಚ್ಚಿಸಿದರು. ಬಂಡೆ ಮುಟ್ಟೋಕೆ ಬಿಡಲಿಲ್ಲ. ಎರಡನೇ ದಿನ ನಾನು ದುಡ್ಡು ಕೊಟ್ಟು ತಂದಿದ್ದ, ತಾನಾಗೇ ಹಗ್ಗ ಹಿಡಿದುಕೊಳ್ಳೋ ಬಿಲೇ ಸಾಧನ ನೋಡಿ "ಇದನ್ನ ಮೊದಲು ಕಲಿತರೆ ಕೈ ಸೋಮಾರಿ ಆಗುತ್ತೆ" ಅಂತ ಬ್ಯಾಗಿಗೆ ಹಾಕಿಸಿದರು. ಇವತ್ತು ಜಗತ್ತೆಲ್ಲ ಅದನ್ನೇ ಬಳಸುತ್ತಿದೆ. ನನ್ನಂಥವರು ಎಷ್ಟು ಜನ ಬಿಟ್ಟು ಹೋಗಿರಬೇಡ? ಒಳ್ಳೆಯವರಾಗಿದ್ದರು, ಒಪ್ಪುತ್ತೇನೆ. ಆದರೆ ಹೊಸಬರಿಗೆ ಬಾಗಿಲು ಸ್ವಲ್ಪ ಭಾರವಾಗಿತ್ತು.

ಮಂಡಿನೋವು · ಗುರುವಾರ, ಬೆಳಿಗ್ಗೆ 8:40

ಬೈಯೋದೇನಿಲ್ಲ. ಸಾಧನದ ವಿಷಯದಲ್ಲಿ ಮಾಮ ಹಟಮಾರಿಯೇ. ನಾನೂ ಜಗಳ ಆಡಿದ್ದೇನೆ. ಆ ಸಾಧನಗಳಲ್ಲೂ ಬ್ರೇಕ್ ಕೈ ಬಿಡಬಾರದು ಅಂತ ಕಂಪನಿಯವರೇ ಬರೆದಿರುತ್ತಾರೆ, ಅದು ಅವರ ವಾದ. ಹಾಗಂತ ಬಳಸಲೇಬಾರದು ಅಂತಲ್ಲವಲ್ಲ, ಅದು ನನ್ನ ವಾದ. ಕೊನೆವರೆಗೂ ತೀರ್ಮಾನ ಆಗಲಿಲ್ಲ.

ಗಂಟಿನ ವಿಷಯದಲ್ಲಿ ಮಾತ್ರ ನಾನು ಅವರ ಕಡೆ.

ಕೆಂಪು_60 · ಗುರುವಾರ, ಮಧ್ಯಾಹ್ನ 1:30

ನಾನು ಬರೆಯೋದೋ ಬೇಡವೋ ಅಂತ ಬೆಳಿಗ್ಗೆಯಿಂದ ಯೋಚನೆ ಮಾಡಿದೆ. ಹೊಸಬ ಬರೆದಿದ್ದು ನೋಡಿ ಧೈರ್ಯ ಬಂತು.

2016. ನನ್ನ ಮೊದಲ ಸಂಬಳದ ಹಗ್ಗ. ಕೆಂಪು, 60 ಮೀಟರ್, 9.8 ಮಿಲಿಮೀಟರ್. ಆಗ ನನ್ನ ಸಂಬಳದ ಅರ್ಧಕ್ಕಿಂತ ಜಾಸ್ತಿ. ತಂದು ನಾಲ್ಕು ತಿಂಗಳಾಗಿತ್ತು. ಒಂದು ಭಾನುವಾರ ಸ್ನೇಹಿತನ ವ್ಯಾನಿನಲ್ಲಿ ಹೋದೆವು. ವ್ಯಾನಿನ ಹಿಂದೆ ಮನೆಗೆ ಒಯ್ಯಬೇಕಿದ್ದ ಇನ್ವರ್ಟರ್ ಬ್ಯಾಟರಿ ಇತ್ತು, ಹಳೆಯದು. ಪಕ್ಕದಲ್ಲೇ ನನ್ನ ಹಗ್ಗದ ಚೀಲ. ಬಂಡೆ ಹತ್ತಿರ ಇಳಿಸುವಾಗ ಮಾಮ ಬಂದು ಮೂಗು ಹಿಡಿದು ವಾಸನೆ ನೋಡಿದರು. ಚೀಲದ ತಳ ಮುಟ್ಟಿದರು. ಒಂದು ಕಡೆ ಅಂಗೈ ಅಗಲ ತೇವ.

ಹಗ್ಗ ಹೊರಗೆ ತೆಗೆದು ನೋಡಿದರೆ ಏನೂ ಇಲ್ಲ. ಕಲೆ ಇಲ್ಲ, ಬಣ್ಣ ಹೋಗಿಲ್ಲ, ಮುಟ್ಟಿದರೆ ಗಟ್ಟಿ. ನಾನು "ನೀರಿರಬೇಕು ಮಾಮ" ಅಂದೆ. "ಇರಬಹುದು" ಅಂದರು. "ಆಸಿಡ್ ಆಗಿದ್ದರೆ?" ನೈಲಾನಿಗೆ ಬ್ಯಾಟರಿ ಆಸಿಡ್ ತಾಗಿದರೆ ಹೊರಗೆ ಏನೂ ಕಾಣದೆ ಒಳಗೆ ಸತ್ತು ಹೋಗುತ್ತೆ, ಅದರ ಹಬೆಯೂ ಸಾಕು ಅಂತ ಎಲ್ಲರ ಮುಂದೆ ಹೇಳಿದರು. ಸರಿ, ಇವತ್ತು ಬಳಸಲ್ಲ, ಮನೆಗೆ ಹೋಗಿ ಕಂಪನಿಗೆ ಬರೆದು ಕೇಳ್ತೀನಿ ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಚಾಕು ತೆಗೆದರು. ನನ್ನ ಒಪ್ಪಿಗೆ ಕೇಳಲಿಲ್ಲ. ಕತ್ತರಿಸಿದರು. ಎರಡು ಮಾರು, ಎರಡು ಮಾರು, ಎರಡು ಮಾರು. ಎಲ್ಲರೂ ನೋಡುತ್ತಿದ್ದರು. ನಾನು ಏನೇನೋ ಅಂದೆ. 'ನಿಮ್ಮಪ್ಪನ ದುಡ್ಡಾ' ಅಂತಲೂ ಅಂದೆ. ಆಮೇಲೆ ಒಂದೆರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಅದು ನೀರೋ ಆಸಿಡ್ಡೋ ಇವತ್ತಿಗೂ ಗೊತ್ತಿಲ್ಲ. ಅದೇ ನನ್ನ ಸಿಟ್ಟು. ಗೊತ್ತಾಗೋ ಅವಕಾಶವನ್ನೇ ಕೊಡಲಿಲ್ಲ. ನಾನು ಮತ್ತೆ ಬಂದೆ, ಅವರೂ ಏನೂ ಆಗಿಲ್ಲದವರ ಥರ "ಬಾ ಕೆಂಪು" ಅಂದರು. ಆ ಹಗ್ಗವೇ ಇಲ್ಲ, ಹೆಸರು ಮಾತ್ರ ಉಳೀತು. ನಾನು ಕ್ಷಮೆ ಕೇಳಲಿಲ್ಲ. ಅವರೂ ಕೇಳಲಿಲ್ಲ.

ಸ್ಲ್ಯಾಬ್_ಹುಚ್ಚು · ಗುರುವಾರ, ಮಧ್ಯಾಹ್ನ 2:02

ಎರಡು ಮಾರಿನ ಲೆಕ್ಕ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ನಿವೃತ್ತಿ ಆದ ಹಗ್ಗವನ್ನ ಮಾಮ ಎರಡು ಮಾರಿಗಿಂತ ಉದ್ದ ಯಾರಿಗೂ ಕೊಡುತ್ತಿರಲಿಲ್ಲ. ಉದ್ದ ಕೊಟ್ಟರೆ ಯಾವನೋ ಒಬ್ಬ ಅದರಲ್ಲೇ ಹತ್ತುತ್ತಾನೆ ಅಂತ. ಹಾಗಾಗಿ ನಮ್ಮ ಎಲ್ಲರ ಮನೆಯಲ್ಲೂ ಅವರು ಕತ್ತರಿಸಿದ ತುಂಡು ಇದೆ. ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕೋ ಹಗ್ಗ ಹಳದಿ, ಗ್ಯಾಸ್ ಸಿಲಿಂಡರ್ ಸ್ಕೂಟರಿಗೆ ಕಟ್ಟೋದು ನೇರಳೆ.

ಗೂಡಿನ_ಊರು · ಗುರುವಾರ, ಮಧ್ಯಾಹ್ನ 2:10

ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟೋಕೆ ನಮ್ಮ ಬೀದಿ ಪೂರ್ತಿ ಮಾಮನ ಹಗ್ಗವೇ. ಹುಳ ಗೂಡು ಕಟ್ಟೋ ಚಂದ್ರಿಕೆ ತಟ್ಟೆ ಕಟ್ಟಿರೋದೂ ಅದರಲ್ಲೇ. ಇಟಲಿ, ಫ್ರಾನ್ಸ್ ಹಗ್ಗ!

ಬಾದಾಮಿ_ಕೆಂಪುಕಲ್ಲು · ಗುರುವಾರ, ಸಂಜೆ 6:45

ಬಾದಾಮಿಯಿಂದ ನಮಸ್ಕಾರ ರೀ. ಮಾಮ ಅವರು ಚಳಿಗಾಲದಲ್ಲಿ ಇಲ್ಲಿಗೂ ಬರುತ್ತಿದ್ದರು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಬಂದು, ಮುಖ ತೊಳೆದು ಸೀದಾ ಬಂಡೆಗೆ.

ಒಂದು ವರ್ಷ ಎಂಟು ಹುಡುಗರನ್ನು ಕರೆದುಕೊಂಡು ಬಂದರು. ಎಲ್ಲರೂ ರಜೆ ಹಾಕಿ ಬಂದವರು. ಹಿಂದಿನ ರಾತ್ರಿ ಇಲ್ಲಿ ಅಕಾಲದ ಮಳೆ ಹೊಡೆದಿತ್ತು. ಬೆಳಿಗ್ಗೆ ಬಿಸಿಲು ಬಿತ್ತು, ಕಲ್ಲಿನ ಮೈ ಒಣಗಿದ ಹಾಗೆ ಕಂಡಿತು. ಮಾಮ ಒಂದು ಹಿಡಿ ಮಣ್ಣು ಅಗೆದು ನೋಡಿದರು, ಬುಡದಲ್ಲಿ ಹಸಿ ಇತ್ತು. "ಇವತ್ತು ಇಲ್ಲ, ನಾಳೇನೂ ಇಲ್ಲ" ಅಂದರು. ನಿಮ್ಮ ರಾಮನಗರದ್ದು ಗ್ರಾನೈಟ್, ಮಳೆ ಬಿದ್ದರೆ ಜಾರುತ್ತದೆ ಅಷ್ಟೇ, ಒಣಗಿದ ಮೇಲೆ ಮೊದಲಿನ ಹಾಗೆ. ನಮ್ಮದು ಮರಳುಗಲ್ಲು. ನೀರು ಕುಡಿದರೆ ಒಳಗೇ ಮೆತ್ತಗಾಗುತ್ತದೆ. ಹಿಡಿ ಮುರಿದರೆ ಮತ್ತೆ ಅಂಟಿಸೋಕೆ ಬರುತ್ತದೇನು? ಹುಡುಗರು ಗೊಣಗಿದರು. ಮಾಮ ಎಲ್ಲರನ್ನೂ ಬನಶಂಕರಿಗೆ ಕರೆದುಕೊಂಡು ಹೋಗಿ, ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ಅವ್ವಂದಿರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ತಿನ್ನಿಸಿದರು. ಎರಡು ದಿನ ಅದೇ. ಹತ್ತದೇ ವಾಪಸ್ ಹೋದರು. ದುಡ್ಡೆಲ್ಲ ಮಾಮನೇ ಕೊಟ್ಟಿದ್ದು ನನಗೆ ಗೊತ್ತು, ಹುಡುಗರಿಗೆ ಗೊತ್ತಿಲ್ಲ. ಈಗ ಗೊತ್ತಾಯಿತಲ್ಲ.

ಸ್ಲ್ಯಾಬ್_ಹುಚ್ಚು · ಗುರುವಾರ, ರಾತ್ರಿ 8:20

ಆ ಎಂಟರಲ್ಲಿ ನಾನೊಬ್ಬ. ಗೊತ್ತಿರಲಿಲ್ಲ.

ಇನ್ನೊಂದು ಮಾತು. ಅವರ ಹೆಸರಲ್ಲಿ ಒಂದು ರೂಟ್, ಅಂದರೆ ಬಂಡೆ ಹತ್ತೋ ದಾರಿ, ಮಾಡೋಣವಾ? ಸಾವನದುರ್ಗದಲ್ಲಿ ಬೆಳದಿಂಗಳು, ದೀಪಾವಳಿ ಅಂತ ಕನ್ನಡ ಹೆಸರಿನ ರೂಟ್‌ಗಳು ಇವೆಯಲ್ಲ, ಹಾಗೆ. 'ಎಷ್ಟು ವರ್ಷ?' ಅಂತ ಇಟ್ಟರೆ ಚೆನ್ನಾಗಿರುತ್ತೆ. ಬುಡದಲ್ಲಿ ಒಂದು ಸಣ್ಣ ಹಿತ್ತಾಳೆ ತಗಡು.

ಗೂಡಿನ_ಊರು · ಗುರುವಾರ, ರಾತ್ರಿ 8:34

ರೂಟ್ ಸರಿ. ತಗಡು ಬೇಡ. ಬಂಡೆ ಮೇಲೆ ಬಣ್ಣದಲ್ಲಿ ಹೃದಯ ಬರೆದು ಬಾಣ ಹೊಡೆದು ಹೋಗೋರನ್ನ ನೋಡಿ ನೋಡಿ ಸಾಕಾಗಿದೆ. ಮಾಮ ತಂತಿ ಬ್ರಷ್ ತರುತ್ತಿದ್ದದ್ದು ಬೋಲ್ಟಿಗೆ ಮಾತ್ರ ಅಲ್ಲ. ಯಾರದೋ ಪ್ರೀತಿ ಉಜ್ಜಿ ಉಜ್ಜಿ ಅಳಿಸೋರು. ಈಗ ಅವರ ಹೆಸರಲ್ಲೇ ನಾವು ತಗಡು ಹೊಡೆದರೆ?

ರಾಮದೇವರ ಬೆಟ್ಟದ ಕಥೆ ನೆನಪಿದೆಯಾ? 2012ರಲ್ಲಿ ಅದು ರಣಹದ್ದು ಧಾಮ ಆಯ್ತು. ಅಲ್ಲಿ ಬಂಡೆ ಹತ್ತಿದ್ದ ಹಳಬರು ಇದ್ದರು, ಅವರಿಗೆ ಹೊಟ್ಟೆ ಉರಿ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟೋದು ಎತ್ತರದ ಬಂಡೆ ಚಾಚಿನಲ್ಲೇ, ನಾವು ಹತ್ತಬೇಕು ಅನ್ನೋದೂ ಅಲ್ಲೇ. ನೋವಿನ ಔಷಧಿ ಹಾಕಿದ್ದ ದನದ ಹೆಣ ತಿಂದು ದೇಶದ ತುಂಬ ಹದ್ದು ಸತ್ತು, ಇಲ್ಲಿ ಉಳಿದದ್ದು ಬೆರಳೆಣಿಕೆ. ಮಾಮ ಅವರ ಜೊತೆ ವಾದ ಮಾಡಲಿಲ್ಲ. "ನಮಗೆ ಹಂದಿಗುಂದಿ ಇದೆ, ಸಾವನದುರ್ಗ ಇದೆ, ಬಾದಾಮಿ ಇದೆ. ಅದಕ್ಕೆ ಏನಿದೆ?" ಅಂದು ಬ್ಯಾಗ್ ಎತ್ತಿಕೊಂಡು ಬೇರೆ ಕಡೆ ನಡೆದರು. ಹಗ್ಗ ಎಲ್ಲ ಅವರ ಹತ್ತಿರ ಇತ್ತಲ್ಲ. ಎಲ್ಲರೂ ಹಿಂದೆ ಹೋಗಲೇಬೇಕಾಯ್ತು.

ಚಾಕ್‌ಪುಡಿ · ಗುರುವಾರ, ರಾತ್ರಿ 8:41

ತಗಡಿಗೆ ನನ್ನದೂ ಬೇಡ.

ಸ್ಲ್ಯಾಬ್_ಹುಚ್ಚು · ಗುರುವಾರ, ರಾತ್ರಿ 8:44

ಸರಿ ಸರಿ. ತಗಡು ಇಲ್ಲ.

ನೀಲಿ_ಹಗ್ಗ · ಶುಕ್ರವಾರ, ರಾತ್ರಿ 9:15

ಇವತ್ತು ಸಂಜೆ ಗೂಡಿನ_ಊರು ಮತ್ತೆ ನಾನು ಮಾಮನ ಮನೆಗೆ ಹೋಗಿದ್ದೆವು. ಇಲ್ಲಿ ಬರೆದದ್ದನ್ನೆಲ್ಲ ಆಂಟಿಗೆ ಓದಿದೆ. ಬೋಂಡಾ ಕೈಗೆ ನಕ್ಕರು. ಬನಶಂಕರಿ ದುಡ್ಡಿಗೆ "ಅದಾ, ನನಗೆ ಸೀರೆ ತರ್ತೀನಿ ಅಂತ ಹೋಗಿದ್ರು" ಅಂದರು.

ಆಂಟಿ ಹೇಳಿದ್ದು: ಭಾನುವಾರ ಸಂಜೆ ಬಚ್ಚಲುಮನೆ ಹಗ್ಗದ್ದು. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಕಾಲಲ್ಲಿ ತುಳಿದು, ಮೂರು ಸಲ ಜಾಲಿಸೋರಂತೆ. ಬಟ್ಟೆ ಸೋಪಿನ ಪುಡಿ ಮುಟ್ಟಿಸೋ ಹಾಗಿಲ್ಲ. ಆಮೇಲೆ ನೆರಳಲ್ಲಿ, ನಡುಮನೆಯಲ್ಲಿ, ಕುರ್ಚಿಯಿಂದ ಕುರ್ಚಿಗೆ. ಬಿಸಿಲಿಗೆ ಹಾಕಿದರೆ ನೈಲಾನ್ ಹಾಳು. ನೆಂಟರು ಬಂದರೆ ಬಗ್ಗಿಕೊಂಡು ಒಳಗೆ ಬರಬೇಕು. ಒಂದು ಸಲ ಆಂಟಿ ಬೇಸರ ಹುಟ್ಟಿ ತಾರಸಿ ಬಿಸಿಲಿಗೆ ಹಾಕಿಬಿಟ್ಟರಂತೆ. ಮಾಮ ಎರಡು ದಿನ ಮಾತು ಬಿಟ್ಟರಂತೆ. "ನಾನು ಬಿಸಿಲಲ್ಲಿ ನಿಂತಿದ್ರೆ ಅಷ್ಟು ಬೇಜಾರು ಮಾಡ್ಕೊಳ್ತಿರಲಿಲ್ಲ" ಅಂದರು ಆಂಟಿ.

ಕಪಾಟಿನಲ್ಲಿ ಹನ್ನೊಂದು ಪುಸ್ತಕ ಸಿಕ್ಕವು. ದಿನಸಿ ಅಂಗಡಿ ಲೆಕ್ಕದ ಉದ್ದ ಪುಸ್ತಕ ಇರುತ್ತಲ್ಲ, ಅವು. ಪ್ರತಿ ಹಗ್ಗಕ್ಕೆ ಒಂದು ಪುಟ. ತಯಾರಾದ ವರ್ಷ, ತಂದ ದಿನ, ಎಷ್ಟು ಭಾನುವಾರ, ದೊಡ್ಡ ಬೀಳು ಎಷ್ಟು, ಎಲ್ಲಿ ತೊಳೆದದ್ದು. ನಮ್ಮ ಎಲ್ಲರ ಹಗ್ಗ ಇದೆ. ಎಲ್ಲೂ ಮನುಷ್ಯರ ಬಗ್ಗೆ ಒಂದು ಮಾತಿಲ್ಲ. ಒಂದು ಪುಟ ಬಿಟ್ಟು.

ಕೆಂಪು_60, ಇದು ನಿಮಗೆ. ಹಾಗೇ ಬರೆಯುತ್ತಿದ್ದೇನೆ:

"ಕೆಂಪು 60. ಬ್ಯಾಟರಿ ಅನುಮಾನ. ಕತ್ತರಿಸಿದೆ. ಹುಡುಗನಿಗೆ ಕೋಪ.
ಮುಂದಿನ ಭಾನುವಾರ: ಬರಲಿಲ್ಲ.
ಬರಲಿಲ್ಲ.
ಬರಲಿಲ್ಲ.
ಮಳೆ. ಯಾರೂ ಇಲ್ಲ.
ಬರಲಿಲ್ಲ.
ಬರಲಿಲ್ಲ.
ಬರಲಿಲ್ಲ.
ಬಂದ. ಹಗ್ಗ ಇಲ್ಲದೆ. ಪುಟ ಮುಗೀತು."

ಕೆಂಪು_60 · ಶುಕ್ರವಾರ, ರಾತ್ರಿ 11:50

ಓದಿದೆ.

ಮಂಡಿನೋವು · ಶನಿವಾರ, ಬೆಳಿಗ್ಗೆ 7:05

ಈಗ ಕೆಲಸದ ಮಾತು. ಆ ಪುಸ್ತಕ ಮುಂದೆ ಬರೆಯೋರು ಯಾರು? ನಾನು ಒಬ್ಬನೇ ಆಗಲ್ಲ, ಇಬ್ಬರು ಮೂವರು ಬೇಕು. ಎಕ್ಸೆಲ್ ಶೀಟ್ ಮಾಡೋಣ ಅಂತ ಯಾರಾದರೂ ಹೇಳ್ತಾರೆ ಅಂತ ಗೊತ್ತು, ಹೇಳಬೇಡಿ. ಬಂಡೆ ಬುಡದಲ್ಲಿ ಲ್ಯಾಪ್‌ಟಾಪ್ ಯಾರು ತೆಗೀತಾರೆ.

ಹೊಸಬ_22 · ಶನಿವಾರ, ಬೆಳಿಗ್ಗೆ 7:30

ನಾನು ಬರೆಯಬಹುದಾ? ಹತ್ತೋಕೆ ಬರಲ್ಲ ಸರಿಯಾಗಿ. ಬರೆಯೋಕೆ ಬರುತ್ತೆ. ಗಂಟು ಮಾತ್ರ ಇನ್ನೂ ನೆನಪಿದೆ.

ಮಂಡಿನೋವು · ಶನಿವಾರ, ಬೆಳಿಗ್ಗೆ 7:33

ಬನ್ನಿ. ನಾಳೆ 6:30ಕ್ಕೆ ರಾಮನಗರ ರೈಲ್ವೆ ಸ್ಟೇಷನ್ ಹೊರಗೆ. ಎಲ್ಲರೂ ತಮ್ಮ ತಮ್ಮ ಹಗ್ಗ ತರಬೇಕು, ಲೇಬಲ್ ಸಮೇತ. ಹತ್ತೋದು ಆಮೇಲೆ. ಮೊದಲು ಕೂತು ಎಲ್ಲ ಹಗ್ಗ ಕೈಯಲ್ಲಿ ಎಳೆದು ನೋಡೋಣ. ಮಾಮನಷ್ಟು ಗೊತ್ತಾಗಲ್ಲ, ಆದರೂ. ಇಡ್ಲಿ ನಾನು ತರ್ತೀನಿ, ಚಟ್ನಿ ಗಟ್ಟಿ.

ನೀಲಿ_ಹಗ್ಗ · ಶನಿವಾರ, ಬೆಳಿಗ್ಗೆ 10:20

ಕೊನೆ ಪುಸ್ತಕ ತಿರುವಿ ನೋಡುತ್ತಿದ್ದೆ. ಒಂದು ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಮೂರು ಸಲ ಗೀಟು ಹಾಕಿದ್ದಾರೆ. "ಹಸಿರು 70. 2015 ಮಾರ್ಚ್. ಹತ್ತು ವರ್ಷ ಮುಗೀತು. ಕೇಳಿದೆ. ಮನೆಯಲ್ಲಿದೆ, ಬಳಸುತ್ತಿಲ್ಲ ಅಂದ. ಮತ್ತೆ ಕೇಳಬೇಕು." ಬಳಸದೆ ಸುಮ್ನೆ ಇಟ್ಟರೂ ಹತ್ತು ವರ್ಷಕ್ಕೆ ನೈಲಾನ್ ಹಗ್ಗ ನಿವೃತ್ತಿ ಅಂತ ತಯಾರಕರೇ ಹೇಳ್ತಾರೆ. ಇದು ಯಾರದು?

ಹಸಿರು_70 · ಶನಿವಾರ, ಮಧ್ಯಾಹ್ನ 12:48

ನನ್ನದು. ಮನೆಯಲ್ಲಿ ಇಟ್ಟಿದ್ದೇನೆ ಅಂತ ಹೇಳಿದ್ದು ಸುಳ್ಳು. ಹೋದ ತಿಂಗಳು ಸಾವನದುರ್ಗದ ಕರಿಗುಡ್ಡದಲ್ಲಿ ಅದರಲ್ಲೇ ಹತ್ತಿದ್ದೆ. ಮಾಮನಿಗೆ ಗೊತ್ತಾಗಬಾರದು ಅಂತ ಫೋಟೋನೂ ಹಾಕಿರಲಿಲ್ಲ.

ಮಂಡಿನೋವು · ಶನಿವಾರ, ಮಧ್ಯಾಹ್ನ 12:55

ನಾಳೆ ತರಬೇಡಪ್ಪ ಅದನ್ನ.

ಹಸಿರು_70 · ಶನಿವಾರ, ಸಂಜೆ 5:10

ಕತ್ತರಿಸಿದೆ. ತರಕಾರಿ ಚಾಕುವಲ್ಲಿ ಕೂತು ಎರಡು ಗಂಟೆ ಹಿಡೀತು. ಅವರು ಹೇಗೆ ಅಷ್ಟು ಸಲೀಸಾಗಿ ಕತ್ತರಿಸುತ್ತಿದ್ದರೋ. ಎರಡು ಮಾರಿನಂತೆ ಹತ್ತೊಂಬತ್ತು ತುಂಡು, ಕೊನೆಗೆ ಒಂದು ಮೊಂಡು ಉಳೀತು. ತುದಿ ಬಿಚ್ಚದಿರಲಿ ಅಂತ ಗ್ಯಾಸ್ ಒಲೆ ಉರಿಗೆ ಹಿಡಿದೆ, ಮನೆ ಪೂರ್ತಿ ವಾಸನೆ, ಹೆಂಡತಿ ತವರಿಗೆ ಫೋನ್ ಮಾಡ್ತಿದ್ದಾಳೆ.

ನಾಳೆ ತರ್ತೀನಿ. ಯಾರಿಗೆ ಬೇಕೋ ತಗೊಳ್ಳಿ. ಗೂಡಿನ_ಊರು, ನಿಮ್ಮ ಬೀದಿಗೆ ಆರು ಎತ್ತಿಟ್ಟಿದ್ದೇನೆ. ಹೊಸಬರಿಗೆ ಗಂಟು ಹಾಕೋಕೆ ಒಂದು. ಮಧ್ಯದ ಗುರುತು ಇರೋ ತುಂಡು ಮಾತ್ರ ನನಗಿರಲಿ.